ವಿಂಡೋಸ್ 7 ಮಷೀನ್‌ಗೆ ಪೈಥಾನ್ ಪ್ರೋಗ್ರಾಂ ಕೊಡುವವರಿಗೆ
ಕಲಬುರಗಿ ಗಂಜ್‌ನ ಅಡತಿ ಅಂಗಡಿಗೋ ದಾಲ್ ಮಿಲ್ಲಿಗೋ ತೊಗರಿ ತೂಕ, ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವವರು ಪೈಥಾನ್ 3.8.10ರ 32-ಬಿಟ್ ಆವೃತ್ತಿ ಹಾಕಿಕೊಂಡು, ಅದರಲ್ಲೇ ಪೈಇನ್‌ಸ್ಟಾಲರ್‌ನಿಂದ (ಪೈಥಾನ್ ಪ್ರೋಗ್ರಾಂ ಕಟ್ಟಿಕೊಡುವ ಟೂಲ್) ಇಎಕ್ಸ್‌ಇ, ಅಂದರೆ ಪೈಥಾನ್ ಹಾಕದೆಯೇ ಓಡುವ ಫೈಲ್ ಮಾಡಿ. ವಿಂಡೋಸ್ 7ಕ್ಕೆ ಬೆಂಬಲ ಇರುವುದು 3.8ರ ತನಕ ಮಾತ್ರ. 3.9ರಲ್ಲಿ ಮಾಡಿದ್ದು ಅಲ್ಲಿ ತೆರೆಯುವುದೇ ಇಲ್ಲ, ‘ಎಪಿಐ-ಎಂಎಸ್-ವಿನ್-ಕೋರ್-ಪಾತ್’ ಎಂದು ಶುರುವಾಗುವ ಡಿಎಲ್‌ಎಲ್ (ಪ್ರೋಗ್ರಾಂ ಓಡಲು ಬೇಕಾದ ವಿಂಡೋಸ್ ಫೈಲ್) ಸಿಗುತ್ತಿಲ್ಲ ಅನ್ನುತ್ತದೆ. ದಯವಿಟ್ಟು ಆ ಫೈಲನ್ನು ಯಾವುದೋ ಸೈಟಿನಿಂದ ಇಳಿಸಿ ಹಾಕಬೇಡಿ, ವೈರಸ್ ಒಳಬರುವ ದಾರಿಯೇ ಅದು. 32-ಬಿಟ್ ಯಾಕೆಂದರೆ ಅದು 64-ಬಿಟ್ ವಿಂಡೋಸ್‌ನಲ್ಲೂ ಓಡುತ್ತದೆ, ಉಲ್ಟಾ ನಡೆಯಲ್ಲ. ವಿಂಡೋಸ್ 7ರಲ್ಲಿ ಸರ್ವಿಸ್ ಪ್ಯಾಕ್ 1, ಕೆಬಿ2533623 ಎಂಬ ಮೈಕ್ರೋಸಾಫ್ಟ್ ಅಪ್‌ಡೇಟ್ ಇಲ್ಲದಿದ್ದರೆ 3.8 ಕೂಡ ಕೈಕೊಡುತ್ತದೆ, ಎಕ್ಸ್‌ಪಿಯಲ್ಲಂತೂ ಆಗುವುದೇ ಇಲ್ಲ. ಪಾಂಡಾಸ್ (ಲೆಕ್ಕದ ಪಟ್ಟಿಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿ) 2.1ರಿಂದ ಪೈಥಾನ್ 3.8ನ್ನು ಕೈಬಿಟ್ಟಿದೆ, ಪಾಂಡಾಸ್‌ನ ಹಳೆಯ ಆವೃತ್ತಿಯನ್ನೇ ಹಾಕಿ. 3.8ಕ್ಕೆ ಭದ್ರತಾ ಅಪ್‌ಡೇಟ್ 2024ರ ಅಕ್ಟೋಬರ್‌ಗೆ ನಿಂತಿದೆ. ಇಂಟರ್ನೆಟ್‌ಗೆ ತೆರೆದಿಡುವ ಕೆಲಸಕ್ಕೆ ಇದು ಬೇಡ.