ತಲೆಹೊಟ್ಟಿನ ಬುಡ ಹುಡುಕುವುದು ಹೇಗೆ?

ನಮ್ಮ ಬೀದಿಯ ಕಟಿಂಗ್ ಶಾಪಿನವನು ನನ್ನ ತಲೆಗೆ ಬಾಚಣಿಗೆ ಹಾಕಿ, ಕನ್ನಡಿಯಲ್ಲೇ ನನ್ನ ಮುಖ ನೋಡುತ್ತಾ, ‘ನೆತ್ತಿ ಪೂರ್ತಿ ಒಣಗಿಹೋಗಿದೆ ಸಾರ್, ಎಣ್ಣೆ ಹಾಕಲ್ವಾ?’ ಅಂದ. ಕೊರಳಿಗೆ ಕಟ್ಟಿದ್ದ ಕಪ್ಪು ಬಟ್ಟೆಯ ಮೇಲೆ ರವೆ ಚೆಲ್ಲಿದಂತೆ ಬಿದ್ದಿತ್ತು. ನಾಚಿಕೆಯಾಗಿ ಅವತ್ತು ರಾತ್ರಿಯಿಂದಲೇ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕತೊಡಗಿದೆ. ಮೊದಲ ವಾರ ಹೊಟ್ಟು ಉದುರಲಿಲ್ಲ, ಖುಷಿಯಾಯಿತು. ಮೂರನೇ ವಾರಕ್ಕೆ ಕಿವಿಯ ಹಿಂದೆ, ಹುಬ್ಬಿನ ಒಳಗೆ, ಮೂಗಿನ ಪಕ್ಕದಲ್ಲಿ ಹಳದಿ ಹಕ್ಕಳೆ. ಉದುರದೇ ಇದ್ದದ್ದು ಎಣ್ಣೆಗೆ ಅಂಟಿಕೊಂಡು ಕೂತಿತ್ತು, ಅಷ್ಟೇ.

ಚರ್ಮದ ಡಾಕ್ಟರು ಇದನ್ನು ಸೆಬೊರಿಕ್ ಡರ್ಮಟೈಟಿಸ್ ಅಂದರು. ಮಾಮೂಲಿ ತಲೆಹೊಟ್ಟು ಇದರ ಪುಟ್ಟ ತಮ್ಮ. ಅಲ್ಲಿ ಬರೀ ಉದುರುತ್ತದೆ, ಇಲ್ಲಿ ಚರ್ಮ ಕೆರಳಿ ಕೆಂಪಾಗುತ್ತದೆ, ನವೆ, ಉರಿ, ಹಕ್ಕಳೆ ಎಲ್ಲ ಸೇರುತ್ತವೆ. ‘ಇದಕ್ಕೆ ಮೂಲ ಕಾರಣ ಏನು?’ ಎಂದು ಕೇಳಿದವರಿಗೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಬೋರ್‌ವೆಲ್ ನೀರು, ಉಷ್ಣ, ಟೆನ್ಷನ್, ಶಾಂಪೂ. ಕಾರಣ ಒಂದಲ್ಲ. ಮೂರು ಕಲ್ಲಿನ ಒಲೆ ಇದು. ನಿಮ್ಮ ತಲೆಯಲ್ಲಿ ಈ ಒಲೆ ಹೇಗೆ ಉರಿಯುತ್ತಿದೆ ಎಂದು ನೀವೇ ಪತ್ತೆ ಮಾಡುವ ಬಗೆ ಇಲ್ಲಿದೆ.

ಹೆಜ್ಜೆ 1: ಮೊದಲು ಅದೇನಾ ನೋಡಿ

ಹಗಲು ಬೆಳಕಿನಲ್ಲಿ ಒಂದು ಕಪ್ಪು ಕಾಗದದ ಮೇಲೆ ತಲೆ ಬಾಗಿಸಿ ಬಾಚಿ. ಬಿದ್ದದ್ದನ್ನು ಬೆರಳಲ್ಲಿ ಹೊಸಕಿ. ಬರೀ ಒಣ ಚರ್ಮವಾಗಿದ್ದರೆ ಪುಡಿಯಾಗುತ್ತದೆ. ಸೆಬೊರಿಕ್ ಆಗಿದ್ದರೆ ಸಾಮಾನ್ಯವಾಗಿ ಮೇಣದಂತೆ ಮೆತ್ತಿಕೊಳ್ಳುತ್ತದೆ, ಕಾಗದದಲ್ಲಿ ಬಜ್ಜಿ ಇಟ್ಟು ತೆಗೆದಂತೆ ಜಿಡ್ಡಿನ ಕಲೆ ಉಳಿಯುತ್ತದೆ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಸುಳಿವು ಮಾತ್ರ. ತಲೆಗೆ ಎಣ್ಣೆ ಹಾಕಿದ ದಿನ ಮಾಡಿದರೆ ಅದೂ ಅಲ್ಲ.

ಆಮೇಲೆ ಕಿವಿಯ ಹಿಂದಿನ ಮಡಿಕೆ, ಹುಬ್ಬು, ಮೂಗಿನ ಪಕ್ಕ, ಗಡ್ಡ, ಎದೆಯ ನಡುಭಾಗ ನೋಡಿ. ಎಣ್ಣೆ ಗ್ರಂಥಿಗಳು ದಟ್ಟವಾಗಿರುವ ಜಾಗಗಳಿವು, ಈ ರೋಗ ಹುಡುಕಿಕೊಂಡು ಹೋಗುವುದೂ ಇಲ್ಲಿಗೇ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣದೆ, ಅಲ್ಲಲ್ಲಿ ಬಣ್ಣ ಮಾಸಿದ ಪಟ್ಟೆಯಷ್ಟೇ ಕಾಣಬಹುದು. ದಪ್ಪ ಬೆಳ್ಳಿ ಬಣ್ಣದ ಪದರ ಹಣೆಯ ಮೇಲಕ್ಕೂ ಇಳಿದು, ಮೊಣಕೈ, ಮಂಡಿ, ಉಗುರಿನಲ್ಲೂ ತೊಂದರೆ ಇದ್ದರೆ ಸೋರಿಯಾಸಿಸ್ ಎಂಬ ಬೇರೆ ಚರ್ಮರೋಗ ಇರಬಹುದು. ಕೂದಲಿಗೆ ಅಂಟಿಕೊಂಡು, ಎಳೆದರೂ ಜಾರದ ಬಿಳಿ ಚುಕ್ಕಿಯಾದರೆ ಅದು ಹೊಟ್ಟಲ್ಲ, ಸೀರು. ಹೇನಿನ ಔಷಧಿ ತನ್ನಿ.

ಹೆಜ್ಜೆ 2: ಮೂರು ಕಲ್ಲುಗಳನ್ನು ಗುರುತಿಸಿ

ಮೊದಲ ಕಲ್ಲು, ನಮ್ಮದೇ ಎಣ್ಣೆ. ಕೂದಲ ಬುಡದ ಗ್ರಂಥಿಗಳು ಸೀಬಮ್ ಎಂಬ ಜಿಡ್ಡು ಸುರಿಸುತ್ತವೆ. ಈ ರೋಗ ಯಾವ ವಯಸ್ಸಿನಲ್ಲಿ ಬರುತ್ತದೆ ಎಂದು ನೋಡಿದರೆ ಸಾಕು, ಎಣ್ಣೆಯ ಪಾತ್ರ ತಾನಾಗಿ ಗೊತ್ತಾಗುತ್ತದೆ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಹಸುಗೂಸಿನ ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟುವುದನ್ನು ಬಾಣಂತಿ ಮನೆಗಳಲ್ಲಿ ನೋಡಿರುತ್ತೀರಿ. ತಾಯಿಯಿಂದ ಬಂದ ಹಾರ್ಮೋನುಗಳ ಪ್ರಭಾವದಿಂದ ಮಗುವಿನ ಎಣ್ಣೆ ಗ್ರಂಥಿಗಳು ಆಗ ಚುರುಕಾಗಿರುತ್ತವೆ ಎನ್ನುವುದು ವೈದ್ಯರ ವಿವರಣೆ. ಆ ಪ್ರಭಾವ ಇಳಿದಂತೆ ಹಕ್ಕಳೆಯೂ ಹೋಗುತ್ತದೆ. ಅಜ್ಜಿಯರು ಉಗುರಿನಿಂದ ಕೆರೆದು ತೆಗೆಯುವ ಅಗತ್ಯವೇ ಇಲ್ಲ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಮತ್ತೆ ಮೀಸೆ ಚಿಗುರುವ, ಮೊಡವೆ ಏಳುವ ಹೊತ್ತಿಗೆ ಸರಿಯಾಗಿ ಶುರು. ಹೀಗಾಗಿ ಆರೇಳು ವರ್ಷದ ಮಗುವಿನ ತಲೆಯಲ್ಲಿ ಹೊಟ್ಟು ಎದ್ದು, ಜೊತೆಗೆ ಅಲ್ಲಲ್ಲಿ ಕೂದಲು ಮುರಿದು ಬೋಳಾಗುತ್ತಿದ್ದರೆ ಹುಳುಕಡ್ಡಿಯ ಅನುಮಾನ ಇರಲಿ. ಅದಕ್ಕೆ ಶಾಂಪೂ ಸಾಲದು, ಮಾತ್ರೆ ಬೇಕು.

ಎರಡನೇ ಕಲ್ಲು, ಮಲಸೀಝಿಯ ಎಂಬ ಯೀಸ್ಟ್, ಅಂದರೆ ಕಣ್ಣಿಗೆ ಕಾಣದ ಪುಟ್ಟ ಶಿಲೀಂಧ್ರ. 1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಸೇ ಹೊಟ್ಟಿನ ಚೂರುಗಳಲ್ಲಿ ಇದನ್ನು ಕಂಡ, ಅವನ ಹೆಸರೇ ಉಳಿಯಿತು. ರೋಗವನ್ನು 1887ರಲ್ಲಿ ಜರ್ಮನಿಯ ಪೌಲ್ ಗೆರ್ಸನ್ ಉನ್ನ ವಿವರಿಸಿದ. ಆದರೆ ಯೀಸ್ಟ್ ಕಳ್ಳನೋ, ಬರೀ ಬಾಡಿಗೆದಾರನೋ ಎಂಬ ಜಗಳ ನೂರು ವರ್ಷ ನಡೆಯಿತು. 1980ರ ದಶಕದಲ್ಲಿ ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕ ಕೊಟ್ಟಾಗ ಹೊಟ್ಟು ಇಳಿದದ್ದು ಕಂಡ ಮೇಲೆ ಅನುಮಾನ ಮತ್ತೆ ಇದರ ಮೇಲೇ ತಿರುಗಿತು. 2007ರಲ್ಲಿ ಈ ಜಾತಿಯ ಒಂದು ಯೀಸ್ಟಿನ ಜೀನೋಮ್, ಅಂದರೆ ಅದರ ಜೀನ್‌ಗಳ ಪೂರ್ತಿ ಪಟ್ಟಿ, ಓದಿದಾಗ ಇನ್ನೊಂದು ಗುಟ್ಟು ಹೊರಬಿತ್ತು: ಕೊಬ್ಬಿನಾಮ್ಲ ತಯಾರಿಸಿಕೊಳ್ಳುವ ಜೀನ್ ಇದಕ್ಕಿಲ್ಲ. ನಮ್ಮ ಜಿಡ್ಡೇ ಇದರ ಅನ್ನ. ಅದನ್ನು ಒಡೆದು ತನಗೆ ಬೇಕಾದದ್ದು ತಿಂದು, ಓಲಿಕ್ ಆಮ್ಲದಂಥ ಬೇಡದ್ದನ್ನು ನೆತ್ತಿಯ ಮೇಲೇ ಬಿಟ್ಟುಹೋಗುತ್ತದೆ. ಪ್ರಯೋಗಾಲಯದಲ್ಲಿ ಈ ಬಗೆಯ ಯೀಸ್ಟ್ ಬೆಳೆಸಲು ತಟ್ಟೆಯ ಮೇಲೆ ಆಲಿವ್ ಎಣ್ಣೆ ಸವರುವುದುಂಟು. ಇದನ್ನು ಓದಿದ ದಿನ ನನ್ನ ಮೂರು ವಾರದ ಎಣ್ಣೆ ಮಾಲೀಶು ನೆನಪಾಗಿ ನಗು ಬಂತು. ನೆತ್ತಿಯ ಮೇಲೆ ನಾನೇ ಅನ್ನಸಂತರ್ಪಣೆ ನಡೆಸಿದ್ದೆ.

ಮೂರನೆಯದು, ನಮ್ಮ ಚರ್ಮದ ಸ್ವಭಾವ. ಎಲ್ಲರ ತಲೆಯಲ್ಲೂ ಎಣ್ಣೆ ಇದೆ, ಎಲ್ಲರಲ್ಲೂ ಆ ಯೀಸ್ಟ್ ಇದೆ. ಆದರೂ ಹೊಟ್ಟು ಎಲ್ಲರಿಗಿಲ್ಲ. ಯೀಸ್ಟ್ ತೆಗೆದ ನೆತ್ತಿಯ ಮೇಲೆ ಬರೀ ಓಲಿಕ್ ಆಮ್ಲ ಹಚ್ಚಿ ನೋಡಿದ ಪ್ರಯೋಗವೊಂದಿದೆ. ಹೊಟ್ಟು ಬರುವ ಜಾಯಮಾನದವರಲ್ಲಿ ಚರ್ಮ ಉದುರಿತು, ಉಳಿದವರಿಗೆ ಏನೂ ಆಗಲಿಲ್ಲ. ಈ ಕಲ್ಲನ್ನು ಹುಟ್ಟುವಾಗಲೇ ತಂದಿರುತ್ತೇವೆ, ಕಿತ್ತು ಹಾಕಲಾಗದು. ನಮ್ಮ ಕೈಯಲ್ಲಿರುವುದು ಉಳಿದೆರಡು. ಮತ್ತೆ, ಎಲ್ಲರಲ್ಲೂ ಇರುವ ಯೀಸ್ಟೇ ಆದ್ದರಿಂದ ಇದು ಅಂಟುರೋಗವಲ್ಲ. ಗಂಡನ ಬಾಚಣಿಗೆಯಿಂದ ಹೆಂಡತಿಗೆ ಬಂತು ಎಂದು ಜಗಳವಾಡಬೇಡಿ.

ಹೆಜ್ಜೆ 3: ಬೆಂಕಿಗೆ ಸೌದೆ ಹಾಕುತ್ತಿರುವವರು ಯಾರು, ಬರೆದಿಡಿ

ಗೋಡೆ ಕ್ಯಾಲೆಂಡರ್ ಸಾಕು. ನವೆ ಹೆಚ್ಚಿದ ದಿನಕ್ಕೆ ಒಂದು ಗುರುತು, ತಲೆಸ್ನಾನದ ದಿನಕ್ಕೆ ಒಂದು, ನಿದ್ದೆಗೆಟ್ಟ ರಾತ್ರಿಗೆ ಒಂದು. ಆರು ವಾರ ಬರೆಯಿರಿ. ನನ್ನದರಲ್ಲಿ ಕಂಡದ್ದು ಎರಡೇ: ಕೆಲಸದ ಒತ್ತಡದಲ್ಲಿ ನಿದ್ದೆಗೆಟ್ಟ ವಾರಗಳು, ಮತ್ತು ಡಿಸೆಂಬರ್. ಚಳಿಗಾಲದ ಒಣಹವೆಯಲ್ಲಿ ಉಲ್ಬಣಿಸುವುದು ಬಹಳ ಜನರ ಅನುಭವ. ಕೂದಲಿಗೆ ಬಣ್ಣ ಹಾಕಿದ ಒಂದೆರಡು ದಿನಕ್ಕೇ ನವೆ ಏರುತ್ತಿದ್ದರೆ ಅದು ಬಣ್ಣದ ಅಲರ್ಜಿ ಇರಬಹುದು, ಬೇರೆಯದೇ ಕಥೆ.

ಬೋರ್ ನೀರನ್ನು ಬೈಯುವವರಿಗೆ ಒಂದು ಮಾತು. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ನೊರೆ ಬರಿಸುವುದಿಲ್ಲ, ಒಪ್ಪೋಣ. ಆದರೆ ಊರು ಬಿಟ್ಟು ಬೆಂಗಳೂರಿಗೆ ಬಂದ ಹುಡುಗನಿಗೆ ನೀರು ಮಾತ್ರ ಬದಲಾಗಿರುವುದಿಲ್ಲ. ನಿದ್ದೆ, ಪಿಜಿಯ ಊಟ, ದಿನವಿಡೀ ಹೆಲ್ಮೆಟ್ಟಿನೊಳಗಿನ ಬೆವರು, ಭಾನುವಾರಕ್ಕೊಮ್ಮೆ ತಲೆಸ್ನಾನ, ಎಲ್ಲವೂ ಬದಲಾಗಿರುತ್ತವೆ. ಅವನ್ನೆಲ್ಲ ಬಿಟ್ಟು ನಲ್ಲಿಯನ್ನೇ ಹಿಡಿದುಕೊಳ್ಳುವುದು ಸುಲಭ.

ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಬರೆದಿಡಿ. ಲಿಥಿಯಂ, ಹಾಲೊಪೆರಿಡಾಲ್‌ನಂಥ ಕೆಲವು ಮನೋರೋಗದ ಔಷಧಿಗಳು ಇದನ್ನು ಕೆರಳಿಸಬಲ್ಲವು. ಹಾಗೆಂದು ನೀವೇ ನಿಲ್ಲಿಸಿಬಿಡಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಹೆಜ್ಜೆ 4: ನಾಲ್ಕು ವಾರ ಎಣ್ಣೆ ಬಿಡಿ, ಶಾಂಪೂವನ್ನು ಔಷಧಿಯಂತೆ ಬಳಸಿ

ಎಣ್ಣೆ ಬಿಡಿ ಅಂದರೆ ಮನೆಯಲ್ಲಿ ಅಮ್ಮ ಒಪ್ಪುವುದಿಲ್ಲ, ಗೊತ್ತು. ಆರೋಗ್ಯವಾದ ನೆತ್ತಿಗೆ ಕೊಬ್ಬರಿ ಎಣ್ಣೆ ಶತ್ರುವಲ್ಲ. ಆದರೆ ಕೆರಳಿದ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಬೇಡ. ಹಕ್ಕಳೆ ತೀರಾ ದಪ್ಪವಿದ್ದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ಮೆತ್ತಗಾದ ಮೇಲೆ ಪೂರ್ತಿ ತೊಳೆದುಬಿಡಿ. ನಿಂಬೆಹಣ್ಣು ಹಿಂಡಿಕೊಳ್ಳುವುದು ಮಾತ್ರ ಖಂಡಿತ ಬೇಡ. ಕೆರೆದ ಗಾಯಕ್ಕೆ ಹುಳಿ ಬಿದ್ದರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ.

ಮೆಡಿಕಲ್ ಶಾಪಿನಲ್ಲಿ 2 ಶೇಕಡಾ ಕೀಟೊಕೊನಜೋಲ್ ಇರುವ ಶಾಂಪೂ ಸಿಗುತ್ತದೆ. ಬಸುರಿಯರು, ಬಾಣಂತಿಯರು ಮೊದಲು ಡಾಕ್ಟರನ್ನು ಕೇಳಲಿ. ಉಳಿದವರು ವಾರಕ್ಕೆ ಎರಡು ಸಲ, ನಾಲ್ಕು ವಾರದವರೆಗೆ. ಬಹಳ ಜನ ಎಡವುವುದು ಇಲ್ಲಿ. ನೊರೆ ಬರಿಸಿ ತಕ್ಷಣ ನೀರು ಹೊಯ್ದುಕೊಳ್ಳುತ್ತಾರೆ. ನಾನೂ ಒಂದು ಬಾಟಲಿ ಪೂರ್ತಿ ಹೀಗೇ ಚರಂಡಿಗೆ ಕಳಿಸಿದೆ. ಕೂದಲು ನೆನೆಸಿ, ಬೈತಲೆ ಬೈತಲೆಯಾಗಿ ಬಿಡಿಸಿ, ಶಾಂಪೂ ಕೂದಲಿಗಲ್ಲ, ಚರ್ಮಕ್ಕೆ ತಾಗುವಂತೆ ಬೆರಳ ತುದಿಯಿಂದ ಸವರಿ. ಉಗುರು ಬೇಡ. ಕಿವಿಯ ಹಿಂದೆಯೂ ಹಚ್ಚಿ. ಐದು ನಿಮಿಷ ಬಿಡಿ. ಬಚ್ಚಲಲ್ಲಿ ಐದು ನಿಮಿಷ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ನಾನು ಬಟ್ಟೆ ನೆನೆಸುತ್ತೇನೆ. ಕಣ್ಣಿಗೆ ಬೀಳದಂತೆ ತೊಳೆಯಿರಿ.

ಅದು ಒಗ್ಗದಿದ್ದರೆ ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್, ಹಕ್ಕಳೆ ಕರಗಿಸುವ ಸ್ಯಾಲಿಸಿಲಿಕ್ ಆಮ್ಲದ ಶಾಂಪೂಗಳಿವೆ. ನವೆ ತಡೆಯದಿದ್ದರೆ ಡಾಕ್ಟರು ಕೆಲವು ದಿನದ ಮಟ್ಟಿಗೆ ಸ್ಟೆರಾಯ್ಡ್ ಲೋಷನ್ ಬರೆಯುತ್ತಾರೆ. ಕೌಂಟರಿನವನು ‘ಇದು ಹಚ್ಚಿ, ಎರಡೇ ದಿನ’ ಎಂದು ಕೊಡುವ ಮಿಕ್ಸ್ ಟ್ಯೂಬಿನಲ್ಲೂ ಹೆಚ್ಚಾಗಿ ಸ್ಟೆರಾಯ್ಡೇ ಇರುವುದು. ಮ್ಯಾಜಿಕ್ಕಿನಂತೆ ಇಳಿಯುತ್ತದೆ, ಬಿಟ್ಟ ಕೂಡಲೇ ಮರಳುತ್ತದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡರೆ ಚರ್ಮ ತೆಳುವಾಗುತ್ತದೆ.

ಹೆಜ್ಜೆ 5: ಯಾವಾಗ ಡಾಕ್ಟರ ಬಳಿ?

ನಾಲ್ಕು ವಾರ ಸರಿಯಾಗಿ ಮಾಡಿಯೂ ಇಳಿಯದಿದ್ದರೆ, ಕೀವು, ನೋವು ಇದ್ದರೆ, ಕೂದಲು ಗುಂಪುಗುಂಪಾಗಿ ಉದುರುತ್ತಿದ್ದರೆ ಹೋಗಿ. ವಯಸ್ಕರಲ್ಲಿ ಇದ್ದಕ್ಕಿದ್ದಂತೆ ಮುಖ, ಎದೆಗೆಲ್ಲ ಹಬ್ಬಿ ಯಾವುದಕ್ಕೂ ಬಗ್ಗದಿದ್ದರೆ ಡಾಕ್ಟರು ಎಚ್‌ಐವಿ ಪರೀಕ್ಷೆ ಬರೆಯಬಹುದು. ರೋಗನಿರೋಧಕ ಶಕ್ತಿ ಕುಂದಿದಾಗ ಇದು ಜೋರಾಗುತ್ತದೆ, ಅದಕ್ಕೆ ಕೇಳುತ್ತಾರೆ, ಬೇಸರಿಸಿಕೊಳ್ಳಬೇಡಿ. ಪಾರ್ಕಿನ್ಸನ್ ಎಂಬ ಕೈಕಾಲು ನಡುಗುವ ಕಾಯಿಲೆ ಇರುವ ಹಿರಿಯರಲ್ಲೂ ಇದು ಹೆಚ್ಚು. ಅಪ್ಪನ ಹುಬ್ಬಿನಲ್ಲಿ ಹಕ್ಕಳೆ ಕಂಡರೆ ‘ಸರಿಯಾಗಿ ಮುಖ ತೊಳೆಯೋದಿಲ್ಲ’ ಎಂದು ಗದರುವ ಮೊದಲು ಇದು ನೆನಪಿರಲಿ.

ವಾಸಿಯಾದ ಮೇಲೂ ಶಾಂಪೂ ಬಾಟಲಿ ಎಸೆಯುವಂತಿಲ್ಲ, ಒಲೆಯ ಮೂರನೇ ಕಲ್ಲು ಅಲ್ಲೇ ಇದೆಯಲ್ಲ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಹಚ್ಚುತ್ತಿರಬೇಕು. ನನ್ನದು ಬಚ್ಚಲ ಕಿಟಕಿಯ ಮೇಲಿದೆ. ಭಾನುವಾರ ಬಿಟ್ಟು ಭಾನುವಾರ ಕೆಳಗಿಳಿಯುತ್ತದೆ, ಡಿಸೆಂಬರ್ ಬಂದರೆ ವಾರಕ್ಕೆ ಎರಡು ಸಲ.