ಜ್ವರ, ಏದುಸಿರು: ಸ್ಟಿರಾಯ್ಡ್ ಯಾವಾಗ?
ಶಿವಮೊಗ್ಗದ ಐಸಿಯುನಲ್ಲಿ ನಾನು ನರ್ಸ್. ತೀರ್ಥಹಳ್ಳಿ, ಹೊಸನಗರ ಕಡೆಯವರು ಕೇಳ್ತಾರೆ, "ಶ್ವಾಸಕೋಶದ ಉರಿಯೂತಕ್ಕೆ ಮಾತ್ರೆ ಇಲ್ವಾ ಸಿಸ್ಟರ್?" ಇದೆ. ಅದೇ ಸ್ಟಿರಾಯ್ಡ್, ಉರಿಯೂತ ತಗ್ಗಿಸುವ ಔಷಧಿ. ಆದರೆ ಮನೆಯಲ್ಲಿ ಕೊಡುವಂಥದ್ದಲ್ಲ.

ಮೊದಲು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ದೊಡ್ಡವರಲ್ಲಿ 22 ಅಥವಾ ಜಾಸ್ತಿ ಇದ್ದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ತೋಟ, ಕಾಡು ಸುತ್ತಿದವರಾದರೆ ಕಂಕುಳು, ಸೊಂಟದಲ್ಲಿ ಕಪ್ಪು ಹಕ್ಕಳೆ ಇದೆಯಾ ನೋಡಿ, ಡಾಕ್ಟರಿಗೆ ತೋರಿಸಿ. ಸ್ಕ್ರಬ್ ಟೈಫಸ್ (ಸಣ್ಣ ಹುಳ ಕಚ್ಚಿ ಬರುವ ಜ್ವರ) ಆಗಿದ್ದರೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಬೇಕು. ಮನೆಯಲ್ಲಿ ಉಳಿದ ಡೆಕ್ಸಾ (ಇದೂ ಸ್ಟಿರಾಯ್ಡೇ) ಮಾತ್ರೆ ಸುಮ್ನೆ ನುಂಗಿಸಬೇಡಿ, ಜ್ವರ ಅಡಗಿ ಸೋಂಕು ಮರೆಯಾಗುತ್ತದೆ. ಕೆಲವು ನೋವಿನ ಮಾತ್ರೆ ಕಿಡ್ನಿಗೆ ಹೊಡೆತ.

ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್, ಆಕ್ಸಿಜನ್ ಮೊದಲು. ಸೋಂಕಿನಿಂದ ಬಿಪಿ ಕುಸಿದು, ಅದನ್ನು ಏರಿಸುವ ಔಷಧಿ ಹಾಕಿದರೂ ನಿಲ್ಲದಿದ್ದರೆ ಹೈಡ್ರೊಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್, ಸಾಮಾನ್ಯವಾಗಿ ದಿನಕ್ಕೆ 200 ಮಿಲಿಗ್ರಾಂ. ಅದರಿಂದ ಶುಗರ್ ಏರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ.