ಟಕ್ಟೊಯಾಕ್ಟಕ್‌ವರೆಗೆ ಟ್ರಕ್ ಕ್ಯಾಂಪರ್‌ನಲ್ಲಿ: ಪ್ಲ್ಯಾನ್ ಮಾಡಿದ್ದು ಹೇಗೆ, ಎಡವಿದ್ದು ಎಲ್ಲಿ

ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ನಾನೂ ನನ್ನ ಹೆಂಡತಿಯೂ ಸಿಯಾಟಲ್ ಹತ್ತಿರದ ಮನೆಯಿಂದ ಹೊರಟು, ಕೆನಡಾದ ಉತ್ತರ ಕರಾವಳಿಯಲ್ಲಿರುವ ಟಕ್ಟೊಯಾಕ್ಟಕ್‌ಗೆ ಹೋಗಿ ಬಂದೆವು. ಹೋಗುವುದೇ ನಾಲ್ಕು ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ. ಒಟ್ಟು 38 ದಿನ. ಪ್ಲ್ಯಾನ್ ಮಾಡಿದ್ದು ಮಾತ್ರ ಹದಿನಾಲ್ಕು ತಿಂಗಳು, ಅದರಲ್ಲಿ ಮೊದಲ ಆರು ತಿಂಗಳು ಪೂರ್ತಿ ದಂಡ. ಮ್ಯಾಪ್ ಹರಡಿಕೊಂಡು ಕೂತಿದ್ದೆ, ತೂಕದ ಲೆಕ್ಕವನ್ನೇ ಹಾಕಿರಲಿಲ್ಲ.

ಟ್ರಕ್ ಕ್ಯಾಂಪರ್ ನೋಡದವರಿಗೆ ಹೇಳುವುದಾದರೆ, ಅದು ಪಿಕಪ್ ಟ್ರಕ್ಕಿನ ಹಿಂದಿನ ಬಾಡಿಯೊಳಗೆ ಕೂರಿಸುವ ಪುಟ್ಟ ಮನೆ. ಹಾಸಿಗೆ ಡ್ರೈವರ್ ಕ್ಯಾಬಿನ್ ಮೇಲಕ್ಕೆ ಚಾಚಿಕೊಂಡಿರುತ್ತದೆ. ಒಳಗೆ ಒಲೆ, ಫ್ರಿಜ್, ಹೀಟರ್, ಟಾಯ್ಲೆಟ್, ನೀರಿನ ಟ್ಯಾಂಕ್. ಹಿಂದೆ ಟ್ರೇಲರ್ ಎಳೆಯುವ ರಗಳೆ ಇಲ್ಲ, ಹಾಗಾಗಿ ಜಲ್ಲಿ ರಸ್ತೆಗೆ, ಫೆರಿಗೆ, ಇಕ್ಕಟ್ಟಿನಲ್ಲಿ ತಿರುಗಿಸೋದಕ್ಕೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಮನೆಯ ಅಷ್ಟೂ ಭಾರ ಟ್ರಕ್ಕಿನ ಬೆನ್ನ ಮೇಲೆ. ಅದರಲ್ಲೂ ಹಿಂದಿನ ಆಕ್ಸೆಲ್ ಮೇಲೆ.

ನನ್ನ ಹತ್ತಿರ ಆಗ ಮುಕ್ಕಾಲು ಟನ್ ಅಂತ ಕರೆಯುವ ವರ್ಗದ ಡೀಸೆಲ್ ಪಿಕಪ್ ಇತ್ತು. ಕ್ಯಾಂಪರ್ ಮಾರಿದವನು ಆರಾಮಾಗಿ ಹೊರುತ್ತೆ ಅಂದ. ಕಂಪನಿ ಕೊಟ್ಟ ಹಾಳೆಯಲ್ಲಿ ಕ್ಯಾಂಪರ್ ತೂಕ 1,980 ಪೌಂಡ್, ಅಂದ್ರೆ ಸುಮಾರು 900 ಕೆ.ಜಿ. ನನ್ನ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇದೆ, ಜನ ಸಾಮಾನು ಎಲ್ಲ ಸೇರಿ 2,140 ಪೌಂಡ್ ಮೀರಬಾರದು ಅಂತ. ಇನ್ನೂ 160 ಉಳೀತಲ್ಲ ಅಂದುಕೊಂಡೆ. ನಾವಿಬ್ಬರೇ 310 ಪೌಂಡ್ ಇದ್ದೇವೆ ಅನ್ನೋದು ಆ ಹೊತ್ತಿಗೆ ತಲೆಗೆ ಹೋಗಲಿಲ್ಲ. ಆಸೆ ಬಿದ್ದವನ ಗಣಿತ ಹಾಗೇ ಇರುತ್ತೆ.

ಒಂದು ವಾರಾಂತ್ಯ ಎಲ್ಲ ತುಂಬಿಸಿಕೊಂಡು ಸುಮ್ನೆ ಸುತ್ತಾಡಲು ಹೋಗಿದ್ದೆವು. ಹೈವೇ ತಿರುವುಗಳಲ್ಲಿ ಗಾಡಿ ಹಡಗಿನ ಹಾಗೆ ಓಲಾಡುತ್ತಿತ್ತು. ವಾಪಸ್ ಬರುವಾಗ ದಾರಿಯಲ್ಲಿದ್ದ ಟ್ರಕ್ ಸ್ಟಾಪ್‌ನ ವೇಬ್ರಿಡ್ಜ್ ಮೇಲೆ ಹತ್ತಿಸಿದೆ. ಚೀಟಿ ಬಂತು: ಮುಂದಿನ ಆಕ್ಸೆಲ್ 4,480, ಹಿಂದಿನದು 6,600, ಒಟ್ಟು 11,080 ಪೌಂಡ್. ಆ ಟ್ರಕ್ಕಿಗೆ ಮಿತಿ 10,000. ಸಾವಿರದ ಎಂಬತ್ತು ಪೌಂಡ್ ಜಾಸ್ತಿ! ಕಂಪನಿಯ ಹಾಳೆಯಲ್ಲಿರುವುದು ಒಣ ತೂಕ. ಅದರಲ್ಲಿ ನೀರಿಲ್ಲ, ಗ್ಯಾಸ್ ಇಲ್ಲ, ಬ್ಯಾಟರಿ ಇಲ್ಲ, ನಾವು ಆಸೆಪಟ್ಟು ಹಾಕಿಸಿಕೊಂಡ ಏಸಿ, ಬಿಸಿಲ ಚಪ್ಪರ ಯಾವುದೂ ಇಲ್ಲ. ನೀರೊಂದೇ ಗ್ಯಾಲನ್‌ಗೆ 8.3 ಪೌಂಡ್. ನಮ್ಮ 30 ಗ್ಯಾಲನ್ ಟ್ಯಾಂಕ್ ತುಂಬಿದರೆ 250 ಪೌಂಡ್ ಆಯ್ತು, ಅಂದ್ರೆ ಇನ್ನೂ ಒಬ್ಬ ದಪ್ಪನೆಯ ಮನುಷ್ಯ ಹಿಂದೆ ಕೂತ ಹಾಗೆ.

ಸ್ಪ್ರಿಂಗ್ ಹಾಕಿಸು, ಏರ್ ಬ್ಯಾಗ್ ಹಾಕಿಸು ಅಂತ ಬಹಳ ಜನ ಹೇಳಿದರು. ಅದರಿಂದ ಟ್ರಕ್ ನೆಟ್ಟಗೆ ನಿಲ್ಲುತ್ತೆ, ಅಷ್ಟೇ. ಬ್ರೇಕು, ಆಕ್ಸೆಲ್ಲು, ಚಕ್ರದ ಮಿತಿ ಬದಲಾಗಲ್ಲ. ಕೊನೆಗೆ ಮನಸ್ಸು ಗಟ್ಟಿ ಮಾಡಿ ಟ್ರಕ್ ಮಾರಿ, ಒಂದು ಟನ್ ವರ್ಗದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಟ್ರಕ್ ತೊಗೊಂಡೆ. ಪೆಟ್ರೋಲ್ ಯಾಕೆ ಅಂದ್ರೆ ಡೀಸೆಲ್ ಎಂಜಿನ್ನೇ ಭಾರ, ಅಷ್ಟು ಭಾರ ನಮ್ಮ ಸಾಮಾನಿನ ಪಾಲಿನಿಂದ ಕಳೆದು ಹೋಗುತ್ತೆ. ಇದರ ಸ್ಟಿಕ್ಕರ್ 3,900 ಪೌಂಡ್. ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು: ಮೊದಲು ಕ್ಯಾಂಪರ್ ಯಾವುದು ಅಂತ ಗೊತ್ತು ಮಾಡಿ, ಹಾಳೆಯ ತೂಕಕ್ಕೆ ಸಾವಿರ ಪೌಂಡ್ ಸೇರಿಸಿ, ಆಮೇಲೆ ಟ್ರಕ್ ಹುಡುಕಿ.

ಅದಾದ ಮೇಲೆ ನನಗೆ ತೂಕದ ಹುಚ್ಚು ಹಿಡೀತು. ಬಚ್ಚಲುಮನೆಯ ತೂಕದ ಮೆಷಿನ್ ತಂದು ಹಾಲ್‌ನಲ್ಲಿಟ್ಟು ಒಂದೊಂದೇ ಡಬ್ಬಿ ತೂಗಿ ಬರೆದುಕೊಂಡೆ. ಕಬ್ಬಿಣದ ತವಾ ಇಳೀತು, ಕುಕ್ಕರ್ ಉಳೀತು. ನನ್ನ ಟೂಲ್ ಬಾಕ್ಸ್ 62 ಪೌಂಡ್ ಬಂತು. "ಅಲ್ಲಾ ರೀ, ನನ್ನ ತವಾ ನಿಮಗೆ ಭಾರ ಆಯ್ತಲ್ಲಾ, ಇದೇನು ಹತ್ತಿಯಾ?" ಅಂದಳು ಹೆಂಡತಿ. ಅರ್ಧ ಟೂಲ್ಸ್ ಗ್ಯಾರೇಜಿಗೆ ವಾಪಸ್ ಹೋದವು. ಕೊನೆಗೆ ನಾವಿಬ್ಬರೂ ಸೇರಿ ಒಟ್ಟು ಭಾರ 3,090. ಎಂಟುನೂರು ಪೌಂಡ್ ಮಿಕ್ಕಿತ್ತು, ರಾತ್ರಿ ನಿದ್ದೆ ಬಂತು.

ಇನ್ನು ಸ್ಟೆಪ್ನಿ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಮನೆ ಮುಂದೆ ಪ್ರಯತ್ನ ಮಾಡದೇ ಹೋಗಿದ್ದರೆ ಟಂಡ್ರಾದಲ್ಲಿ ಅಳುತ್ತಾ ಕೂರಬೇಕಾಗಿತ್ತು. ಹೊರಡೋಕೆ ಒಂದು ತಿಂಗಳ ಮುಂಚೆ, ಕ್ಯಾಂಪರ್ ಕೂರಿಸಿ ಎಲ್ಲ ತುಂಬಿಸಿ, ಒಂದು ಟೈರ್ ಪಂಕ್ಚರ್ ಆಗಿದೆ ಅಂದುಕೊಂಡು ಬಿಚ್ಚೋಕೆ ಹೋದೆ. ಸ್ಟೆಪ್ನಿ ಟ್ರಕ್ಕಿನ ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ನೇತಾಡುತ್ತಿರುತ್ತೆ, ಹಿಂದಿನ ಬಂಪರ್‌ನ ಒಂದು ತೂತಿನಲ್ಲಿ ಉದ್ದನೆಯ ಕಂಬಿ ತೂರಿಸಿ ತಿರುಗಿಸಿದರೆ ಕೆಳಗಿಳಿಯುತ್ತೆ. ಆ ತೂತಿನ ಎದುರಿಗೇ ಕ್ಯಾಂಪರ್‌ನ ಮೆಟ್ಟಿಲು! ಕಂಬಿ ನೆಟ್ಟಗೆ ಹೋಗುವುದೇ ಇಲ್ಲ. ಮೆಟ್ಟಿಲು ಬಿಚ್ಚಬೇಕು, ಅದರ ನಾಲ್ಕು ಬೋಲ್ಟಿನಲ್ಲಿ ಎರಡು ತುಕ್ಕು ಹಿಡಿದಿದ್ದವು. ಟ್ರಕ್ ಜೊತೆ ಬಂದ ಜಾಕ್ ಇಷ್ಟು ಭಾರಕ್ಕೆ ನಡುಗುತ್ತಿತ್ತು, ನೆಲ ಮುಟ್ಟುವಲ್ಲಿ ಹಲಗೆ ಇಡದಿದ್ದರೆ ಮಣ್ಣೊಳಗೆ ಇಳಿಯೋದು ಗ್ಯಾರಂಟಿ. ಆ ದಿನ ಒಂದು ಟೈರ್ ಬದಲಾಯಿಸೋಕೆ ಮೂರು ಗಂಟೆ ಆಯ್ತು. ಮೆಟ್ಟಿಲಿಗೆ ಹೊಸ ಬೋಲ್ಟ್ ಹಾಕಿಸಿದೆ, 12 ಟನ್ನಿನ ಬಾಟಲ್ ಜಾಕ್ ತಂದೆ, ದಪ್ಪ ಹಲಗೆ ಎರಡು ಕತ್ತರಿಸಿಟ್ಟೆ. ಜೊತೆಗೆ ಪಂಕ್ಚರ್ ಕಿಟ್, ಗಾಳಿ ತುಂಬುವ ಸಣ್ಣ ಕಂಪ್ರೆಸರ್. ಟೈರ್‌ಗಳು ಭಾರ ಹೊರುವ ಇ ದರ್ಜೆಯವು, ಐದೂ ಹೊಸವು.

ಎಲ್ಲಿಗೆ ಹೋಗೋದು ಅನ್ನೋದು ಸುಲಭಕ್ಕೆ ತೀರ್ಮಾನವಾಯಿತು. ಉತ್ತರದ ಸಮುದ್ರದ ಕಡೆಗೆ ಎರಡು ದಾರಿ. ಅಲಾಸ್ಕಾದಲ್ಲಿ ಡಾಲ್ಟನ್ ಹೈವೇ, 414 ಮೈಲಿ, ಡೆಡ್‌ಹಾರ್ಸ್‌ವರೆಗೆ. ಆದರೆ ಅಲ್ಲಿಂದ ಮುಂದೆ ತೈಲ ಕಂಪನಿಗಳ ಜಾಗ, ಸ್ವಂತ ಗಾಡಿಯಲ್ಲಿ ಸಮುದ್ರದವರೆಗೆ ಬಿಡಲ್ಲ, ಟೂರ್‌ನವರ ವಾಹನದಲ್ಲೇ ಹೋಗಬೇಕು. ಇನ್ನೊಂದು ಕೆನಡಾದ ಡೆಂಪ್‌ಸ್ಟರ್ ಹೈವೇ, ಯುಕಾನ್‌ನ ಡಾಸನ್ ಸಿಟಿ ಹತ್ತಿರದಿಂದ ಇನುವಿಕ್‌ವರೆಗೆ ಸುಮಾರು 736 ಕಿ.ಮೀ. ಜಲ್ಲಿ ರಸ್ತೆ. ಮೊದಲು ಇನುವಿಕ್‌ನಿಂದ ಆಚೆಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ, ಸಮುದ್ರದ ಮೇಲಿನ ಮಂಜಿನ ರಸ್ತೆ ಮಾತ್ರ ಇತ್ತು. 2017ರ ನವೆಂಬರ್‌ನಲ್ಲಿ ಟಕ್ಟೊಯಾಕ್ಟಕ್‌ಗೆ ವರ್ಷವಿಡೀ ಓಡಾಡುವ ರಸ್ತೆ ತೆರೆಯಿತು. ಈಗ ಸ್ವಂತ ಗಾಡಿಯಲ್ಲೇ ಸಮುದ್ರದ ದಡಕ್ಕೆ ಹೋಗಿ ನಿಲ್ಲಿಸಬಹುದು. ನಮಗೆ ಬೇಕಾಗಿದ್ದೂ ಅದೇ.

ಒಂದು ಎಚ್ಚರಿಕೆ. ಅಲಾಸ್ಕಾ ಹೈವೇ ಶುರುವಾಗೋದು ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಲ್ಲಿ. ಡಾಸನ್ ಸಿಟಿ ಬೇರೆ, ಅಲ್ಲಿಂದ ಸುಮಾರು 1,900 ಕಿ.ಮೀ. ದೂರ ಇದೆ. ಒಂದರ ಕ್ಯಾಂಪಿಂಗ್ ಜಾಗ ಇನ್ನೊಂದರ ತಾರೀಖಿಗೆ ಬುಕ್ ಮಾಡಿದ ಮಹಾನುಭಾವ ನಾನೇ.

ಯಾವಾಗ ಹೋಗೋದು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆವು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಇಲ್ಲ, ನೋಡೋಕೆ ಚಂದ, ಆದರೆ ಸೊಳ್ಳೆ ವಿಪರೀತ. ಡೆಂಪ್‌ಸ್ಟರ್‌ನಲ್ಲಿ ಪೀಲ್ ನದಿ, ಮೆಕೆಂಜಿ ನದಿ ಎರಡಕ್ಕೂ ಸೇತುವೆ ಇಲ್ಲ, ಬೇಸಿಗೆಯಲ್ಲಿ ಫೆರಿ, ಚಳಿಗಾಲದಲ್ಲಿ ಮಂಜಿನ ಮೇಲೆ ದಾಟೋದು. ಮಂಜು ಕರಗುವಾಗಲೂ ಕಟ್ಟುವಾಗಲೂ ಕೆಲವು ವಾರ ಯಾವುದೂ ಇರಲ್ಲ. ನಾವು ಆಗಸ್ಟ್ ಕೊನೆಯ ವಾರ ಡೆಂಪ್‌ಸ್ಟರ್ ಮೇಲಿರುವ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ ಹೊರಟೆವು. ಸೊಳ್ಳೆ ಕಡಿಮೆಯಾಗಿತ್ತು. ಟೂಂಬ್‌ಸ್ಟೋನ್ ಪಾರ್ಕ್ ದಾಟುವಾಗ ಬೆಟ್ಟದ ಬುಡದಿಂದ ಕಣ್ಣು ಹಾಯಿಸಿದಷ್ಟೂ ಮೊಣಕಾಲೆತ್ತರದ ಗಿಡ ಕುಂಕುಮ ಚೆಲ್ಲಿದ ಹಾಗೆ ಕೆಂಪು. ರಾತ್ರಿ ಕತ್ತಲೂ ಆಗುತ್ತಿತ್ತು, ಎರಡು ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಕುಣಿಯೋದು ಕಂಡೆವು.

ಪೇಪರ್ ಕೆಲಸ ಸುಲಭ. ನಮ್ಮದು ಭಾರತದ ಪಾಸ್‌ಪೋರ್ಟ್, ಅಮೆರಿಕದ ಗ್ರೀನ್ ಕಾರ್ಡ್ ಇದೆ, ಹಾಗಾಗಿ ಕೆನಡಾ ವೀಸಾ ಬೇಕಿಲ್ಲ, ಎರಡೂ ಕೈಯಲ್ಲಿದ್ದರೆ ಸಾಕು. ಕೆಲಸದ ವೀಸಾದಲ್ಲಿ ಇರುವವರು ಕೆನಡಾ ವೀಸಾ ಮೊದಲೇ ಮಾಡಿಸಿಕೊಳ್ಳಬೇಕು, ಇದನ್ನು ಕೊನೆಗೆ ಬಿಡಬೇಡಿ. ಸೌದೆ ಗಡಿ ದಾಟಿಸಬೇಡಿ. ಯುಕಾನ್ ಸರ್ಕಾರದ ಕ್ಯಾಂಪ್‌ಗಳಲ್ಲಿ ಸೌದೆ ಹೇಗಿದ್ದರೂ ಪುಕ್ಕಟೆ, ಬಾಡಿಗೆ ದುಡ್ಡನ್ನು ಕವರಿನಲ್ಲಿಟ್ಟು ಡಬ್ಬಿಗೆ ಹಾಕೋದು, ಅದಕ್ಕೆ ಕೆನಡಾ ನೋಟು ಚಿಲ್ಲರೆಯಾಗಿ ಇಟ್ಟುಕೊಳ್ಳಿ.

ಪೆಟ್ರೋಲಿಗೆ ಭಯಪಟ್ಟು ಎಲ್ಲರೂ ಕ್ಯಾನ್ ಹೊರುತ್ತಾರೆ. ಡೆಂಪ್‌ಸ್ಟರ್ ಶುರುವಿನಿಂದ ಈಗಲ್ ಪ್ಲೇನ್ಸ್‌ವರೆಗೆ 369 ಕಿ.ಮೀ. ಬಂಕ್ ಇಲ್ಲ. ನನ್ನ ಗಾಡಿ ಇಷ್ಟು ಭಾರದಲ್ಲಿ ನೂರು ಕಿ.ಮೀ.ಗೆ 24 ಲೀಟರ್ ಕುಡಿಯುತ್ತೆ, ಅಂದ್ರೆ 89 ಲೀಟರ್. ಟ್ಯಾಂಕ್ 128 ಲೀಟರ್. ಅದರ ಮುಂದಿನದು ಫೋರ್ಟ್ ಮೆಕ್‌ಫರ್ಸನ್, ಇನ್ನೊಂದು ಸುಮಾರು 180 ಕಿ.ಮೀ. ಕ್ಯಾನ್ ಬೇಡ ಅಂತ ಬಿಟ್ಟೆ. ನೀರನ್ನೂ ಹಾಗೇ, ಓಡಿಸುವಾಗ ಮೂರನೇ ಒಂದು ಭಾಗ ಮಾತ್ರ, ಸಿಕ್ಕಲ್ಲಿ ತುಂಬಿಸೋದು. ಮೊಬೈಲ್ ಊರುಗಳಲ್ಲಿ ಬಿಟ್ಟರೆ ಎಲ್ಲೂ ಸಿಗಲ್ಲ, ಹಾಗಾಗಿ ಉಪಗ್ರಹದ ಮೂಲಕ ಮೆಸೇಜ್ ಹೋಗುವ ಸಣ್ಣ ಯಂತ್ರ ಒಂದಿತ್ತು.

ಲೆಕ್ಕಕ್ಕೆ ಸಿಗದೇ ಹೋಗಿದ್ದು ಹಾಸಿಗೆ. ಮೂರನೇ ಚಳಿ ರಾತ್ರಿ ಕಳೆದು ಬೆಳಿಗ್ಗೆ ಹಾಸಿಗೆಯ ಮೂಲೆ ಎತ್ತಿದರೆ ಕೆಳಗಿನ ಹಲಗೆ ನೆನೆದು ತೊಟ್ಟಿಕ್ಕುತ್ತಿತ್ತು. ಸೋರಿಕೆ ಅಂತ ಚಾವಣಿ ಎಲ್ಲ ಹುಡುಕಿದೆ. ಆಮೇಲೆ ಗೊತ್ತಾಯಿತು, ಅದು ನಮ್ಮದೇ ಉಸಿರು, ಕುಕ್ಕರಿನ ಹಬೆ. ಹೊರಗೆ ಸೊನ್ನೆ ಡಿಗ್ರಿ, ಒಳಗೆ ಬೆಚ್ಚಗೆ, ತಣ್ಣಗಿರುವ ಹಲಗೆಗೆ ಹೋಗಿ ನೀರಾಗುತ್ತೆ. ವೈಟ್‌ಹಾರ್ಸ್‌ನಲ್ಲಿ ಒಳಗಡೆ ಗಾಳಿಯಾಡುವಂಥ ಪ್ಲಾಸ್ಟಿಕ್ ಜಾಲರಿ ತಂದು ಹಾಸಿಗೆ ಕೆಳಗೆ ಹಾಕಿದೆವು. ಅಡುಗೆ ಮಾಡುವಾಗಲೂ ಮಲಗುವಾಗಲೂ ಮೇಲಿನ ಕಿಂಡಿ ಒಂದು ಇಂಚು ತೆಗೆದೇ ಇಡೋದು. ಚಳಿಗೆ ಎಲ್ಲ ಮುಚ್ಚಿಕೊಂಡು ಮಲಗಬೇಡಿ.

38 ದಿನದಲ್ಲಿ ಏಳು ದಿನಕ್ಕೆ ಪ್ಲ್ಯಾನ್‌ನಲ್ಲಿ ಏನೂ ಬರೆದಿರಲಿಲ್ಲ. ಸುಮ್ನೆ ಖಾಲಿ. ಹೋಗುವಾಗ ಈಗಲ್ ಪ್ಲೇನ್ಸ್‌ನಲ್ಲಿ ಮಳೆಗೆ ರಸ್ತೆ ಮುಚ್ಚಿ, ಗೇಟ್ ಹಾಕಿ, ಎರಡು ದಿನ ಅಲ್ಲೇ ಕೂತೆವು. ನಮ್ಮ ಪಕ್ಕದಲ್ಲಿದ್ದವರಿಗೆ ಶುಕ್ರವಾರ ವಿಮಾನ ಹಿಡಿಯೋದಿತ್ತು, ಅವರು ಅಲ್ಲಿಂದಲೇ ವಾಪಸ್ ತಿರುಗಿದರು. ಆರ್ಕ್ಟಿಕ್ ವೃತ್ತ ಅಲ್ಲಿಂದ ನಲವತ್ತು ಕಿ.ಮೀ. ಕೂಡ ಇರಲಿಲ್ಲ, ಪಾಪ.

ರಸ್ತೆ ಬಗ್ಗೆ ಎರಡು ಮಾತು. ನೆಲದೊಳಗಿನ ಮಂಜುಗಡ್ಡೆ ಕರಗಬಾರದು ಅಂತ ರಸ್ತೆಯನ್ನು ಜಲ್ಲಿ ಪೇರಿಸಿ ಎತ್ತರಕ್ಕೆ ಕಟ್ಟಿದ್ದಾರೆ. ಅಂಚು ಮೆತ್ತಗಿರುತ್ತೆ, ಎದುರಿಗೆ ಲಾರಿ ಬಂತು ಅಂತ ತೀರಾ ಪಕ್ಕಕ್ಕೆ ಹೋದರೆ ಕೆಳಗೆ ಉರುಳೋದೇ. ನಾನು ವೇಗ ಇಳಿಸಿ ರಸ್ತೆಯ ಮೇಲೇ ನಿಲ್ಲಿಸಿಬಿಡುತ್ತಿದ್ದೆ. ಹಿಂದಿನ ಟೈರಿನ ಗಾಳಿ 80ರಿಂದ 70ಕ್ಕೆ ಇಳಿಸಿದ್ದೆ, ಇಷ್ಟು ಭಾರಕ್ಕೆ ಅದಕ್ಕಿಂತ ಇಳಿಸುವ ಧೈರ್ಯ ಬರಲಿಲ್ಲ. ಕ್ಯಾಂಪರನ್ನು ಟ್ರಕ್ಕಿಗೆ ಕಟ್ಟಿಹಿಡಿಯುವ ನಾಲ್ಕು ಟರ್ನ್‌ಬಕಲ್ (ತಿರುಗಿಸಿ ಬಿಗಿಯುವ ಕೊಂಡಿ) ಪ್ರತಿ ಸಲ ನಿಂತಾಗಲೂ ಕೈಯಿಂದ ಅಲ್ಲಾಡಿಸಿ ನೋಡಿ, ಜಲ್ಲಿಯ ನಡುಕಕ್ಕೆ ಸಡಿಲವಾಗುತ್ತೆ, ನಮ್ಮದು ದಿನಕ್ಕೆ ಅರ್ಧ ಸುತ್ತು ಬಿಗಿಯೋದು ಇದ್ದೇ ಇತ್ತು. ಪೀಲ್ ನದಿಯ ಫೆರಿಗೆ ಇಳಿಯುವಲ್ಲಿ ಬರೀ ಮಣ್ಣಿನ ಇಳಿಜಾರು, ಅಲ್ಲಿ ನಮ್ಮ ಮೆಟ್ಟಿಲು ನೆಲಕ್ಕೆ ಉಜ್ಜಿ ಸೊಟ್ಟಗಾಯಿತು. ಮುಂದಿನ ಗಾಜಿಗೆ ಎರಡು ಕಡೆ ಕಲ್ಲು ಬಿತ್ತು. ಸ್ಟೆಪ್ನಿ ಬೇಕಾಗಲೇ ಇಲ್ಲ.

ಟಕ್ಟೊಯಾಕ್ಟಕ್‌ನಲ್ಲಿ ಸಮುದ್ರಕ್ಕೆ ಮೊಣಕಾಲವರೆಗೆ ಇಳಿದು ಹತ್ತು ಎಣಿಸುವಷ್ಟರಲ್ಲಿ ಓಡಿ ಬಂದೆ. ಅವಳು ದಡದಲ್ಲೇ ಬಗ್ಗಿ ಕೈ ಅದ್ದಿ, ಸಾಕು ಅಂದಳು.

ವಾಪಸ್ ಬಂದು ಡಾಸನ್ ಸಿಟಿಯಲ್ಲಿ ಗಾಡಿ ತೊಳೆಯುವ ಜಾಗಕ್ಕೆ ಹೋದೆವು. ಧೂಳು ಏಳದಿರಲಿ ಅಂತ ಡೆಂಪ್‌ಸ್ಟರ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ, ಮಳೆಗೆ ಅದು ಕೆಸರಾಗಿ ಅಂಟಿ, ಒಣಗಿದ ಮೇಲೆ ಸಿಮೆಂಟ್. ನೀರಿನ ಪೈಪು ಹಿಡಿದು ನಿಂತರೆ ಚಕ್ರದ ಗೂಡುಗಳಿಂದ ಹೆಂಚಿನಷ್ಟು ದಪ್ಪನೆಯ ಚೂರು ಧೊಪ್ಪಧೊಪ್ಪ ಬೀಳುತ್ತಿದ್ದವು, ನಾಣ್ಯ ಹಾಕಿದಷ್ಟೂ ಸಾಲದು. ಅರ್ಧ ಗಂಟೆಯ ಮೇಲೆ ನೆಲದಲ್ಲಿ ಗುಡ್ಡೆ ಬಿದ್ದಿದ್ದ ಆ ಮಣ್ಣನ್ನು ಅವಳು ಬೂಟಿನ ತುದಿಯಿಂದ ಸರಿಸಿ ನೋಡಿದಳು. "ನನ್ನ ತವಾ ಎಷ್ಟಿತ್ತು ರೀ ತೂಕ?" ಅಂದಳು.